ಹಳೆಯ ಅಲ್ಸರೇಟಿವ್ ಕೊಲೈಟಿಸ್: ಡಿಸ್‌ಪ್ಲೇಸಿಯಾ ಹುಡುಕಲು ಬಣ್ಣ ಸಾಕೋ, 32 ತುಣುಕು ಬೇಕೋ?

ಎಂಡೋ_ಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪೊರೆಯಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇರುವವರ ಕರುಳಿನಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ, ಅಂದರೆ ಡಿಸ್‌ಪ್ಲೇಸಿಯಾ, ಇದೆಯೇ ಎಂದು ನೋಡುವ ಕೊಲೊನೋಸ್ಕೋಪಿಗೆ (ಗುದದಿಂದ ಕ್ಯಾಮೆರಾ ಇರುವ ಕೊಳವೆ, ಅಂದರೆ ಸ್ಕೋಪ್, ತೂರಿಸಿ ಕರುಳು ನೋಡುವ ಪರೀಕ್ಷೆಗೆ) ಒಂದು ಪುಟದ ಕೆಲಸದ ಕ್ರಮ ಬರೆಯಬೇಕಿದೆ. ಮಾರ್ಗಸೂಚಿ ತೆರೆದರೆ ಒಂದು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಸಿಕ್ಕಿಕೊಂಡಿರುವುದು ಇಲ್ಲಿ:

"8 ವರ್ಷದ ನಂತರ ಶುರು ಮಾಡಿ" ಅನ್ನುತ್ತಾರೆ. ಆ 8 ವರ್ಷವನ್ನು ರೋಗ ಪತ್ತೆಯಾದ ದಿನದಿಂದ ಎಣಿಸಬೇಕೋ, ಮೊದಲು ರಕ್ತಬೇಧಿ ಶುರುವಾದ ದಿನದಿಂದಲೋ?

ಪ್ರತಿ 10 ಸೆಂ.ಮೀ.ಗೆ ನಾಲ್ಕು ದಿಕ್ಕಿನಿಂದ ನಾಲ್ಕು ತುಣುಕು (ಬಯಾಪ್ಸಿ), ಒಟ್ಟು 32ರಷ್ಟು ತೆಗೆಯುವ ಹಳೆಯ ಪದ್ಧತಿ ಇನ್ನೂ ಬೇಕೇ? ಬಣ್ಣ ಸಿಂಪಡಿಸಿ ನೋಡಿದರೆ ಅದನ್ನು ಬಿಡಬಹುದೇ? ಬಣ್ಣವಾದರೆ ಯಾವುದು, ಎಷ್ಟು ನೀರಿಗೆ ಎಷ್ಟು?

ಪೆಥಾಲಜಿ ವರದಿಯಲ್ಲಿ "ಇಂಡೆಫಿನಿಟ್ ಫಾರ್ ಡಿಸ್‌ಪ್ಲೇಸಿಯಾ" (ಡಿಸ್‌ಪ್ಲೇಸಿಯಾ ಇದೆಯೋ ಇಲ್ಲವೋ ಹೇಳಲಾಗದು) ಅಂತ ಬಂದರೆ ಮುಂದೇನು?

ಕೊನೆಯದು, ರೋಗಿಗಳು ಪದೇ ಪದೇ ಕೇಳುವುದು: ವರ್ಷಕ್ಕೊಮ್ಮೆ ಮಲದ ಪರೀಕ್ಷೆ ಮಾಡಿಸಿಕೊಂಡರೆ ಸಾಲದೇ?

---

ಸೀಕಮ್‌ವರೆಗೆ ಉತ್ತರ:

ಮೊದಲ ಪ್ರಶ್ನೆಗೆ ಉತ್ತರ ನೇರ: ಲಕ್ಷಣ ಶುರುವಾದ ದಿನದಿಂದ. ರಕ್ತಬೇಧಿ ಶುರುವಾಗಿ ಮೂರು ವರ್ಷ ಮೂಲವ್ಯಾಧಿ ಅಂತ ಔಷಧಿ ತಗೊಂಡು, ಆಮೇಲೆ ಕೊಲೈಟಿಸ್ ಅಂತ ಗೊತ್ತಾದವರು ಬೇಕಾದಷ್ಟು ಜನ. ಕಡತದಲ್ಲಿ ಇರುವುದು ಪತ್ತೆಯಾದ ತಾರೀಖು ಮಾತ್ರ. ಅದನ್ನೇ ನಂಬಿದರೆ ಗಡಿಯಾರ ಮೂರು ವರ್ಷ ಹಿಂದೆ ಬಿದ್ದಂತೆ. ನಿಮ್ಮ ಪುಟದಲ್ಲಿ "ಮೊದಲ ಬಾರಿ ರಕ್ತ ಕಂಡಿದ್ದು ಯಾವಾಗ?" ಅನ್ನುವ ಸಾಲು ಬೇರೆಯಾಗಿಯೇ ಇರಲಿ.

ಇದಕ್ಕೆ ಒಂದು ದೊಡ್ಡ ಅಪವಾದ ಇದೆ. ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿಎಸ್‌ಸಿ ಅನ್ನುವ ಪಿತ್ತನಾಳದ ಕಾಯಿಲೆ ಜೊತೆಗಿದ್ದರೆ 8 ವರ್ಷ ಕಾಯುವಂತಿಲ್ಲ. ಪಿಎಸ್‌ಸಿ ಗೊತ್ತಾದ ವರ್ಷವೇ ಶುರು, ಆಮೇಲೆ ಪ್ರತಿ ವರ್ಷ. ಇವರ ಕರುಳು ಮೋಸ ಮಾಡುತ್ತದೆ. ಉರಿಯೂತ ಬಹಳ ಸೌಮ್ಯ, ಎಷ್ಟೋ ಸಲ ಗುದನಾಳ ಚೆನ್ನಾಗಿಯೇ ಕಾಣುತ್ತದೆ, ರೋಗಿಗೆ ಹೇಳಿಕೊಳ್ಳುವಂಥ ತೊಂದರೆಯೂ ಇರುವುದಿಲ್ಲ. ಆದರೆ ಬಲಭಾಗದ ಕರುಳಿನಲ್ಲಿ ಗೆಡ್ಡೆ ಬೆಳೆಯುವ ಸಂಭವ ಹೆಚ್ಚು. ಕೊಲೈಟಿಸ್ ಇರುವವರ ಲಿವರ್ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಾರಣವಿಲ್ಲದೆ ಏರಿ ಅಲ್ಲೇ ನಿಂತಿದ್ದರೆ ಪಿತ್ತನಾಳ ನೋಡುವ ಎಂಆರ್‌ಸಿಪಿ ಸ್ಕ್ಯಾನ್ ಬಗ್ಗೆ ಯೋಚಿಸಲೇಬೇಕು.

ಇನ್ನೊಂದು ಅಪವಾದ ಉಲ್ಟಾ ದಿಕ್ಕಿನದು. ಕಾಯಿಲೆ ಗುದನಾಳ ದಾಟಿ ಯಾವತ್ತೂ ಮೇಲೆ ಹೋಗಿಲ್ಲ ಅಂತಾದರೆ ಈ ವಿಶೇಷ ತಪಾಸಣೆ ಬೇಡ. ಇತರ ಜನರಿಗೆ ವಯಸ್ಸಿಗೆ ತಕ್ಕಂತೆ ಮಾಡುವ ತಪಾಸಣೆಯೇ ಸಾಕು. ಆದರೆ "ಯಾವತ್ತೂ" ಅನ್ನುವುದನ್ನು ಗಟ್ಟಿಮಾಡಿಕೊಳ್ಳಿ. ಕರುಳಿನ ಎಷ್ಟು ಉದ್ದಕ್ಕೆ ಕಾಯಿಲೆ ಹರಡಿತ್ತು ಅನ್ನುವುದನ್ನು ಇವತ್ತಿನ ಚಿತ್ರದಿಂದ ಅಳೆಯಬಾರದು. ಇದುವರೆಗೆ ಅತಿ ಹೆಚ್ಚು ಹರಡಿದ್ದಾಗ ಎಲ್ಲಿಯವರೆಗೆ ಇತ್ತು, ಅದೂ ಬಯಾಪ್ಸಿಯಲ್ಲಿ, ಅದೇ ಲೆಕ್ಕ. ಕಣ್ಣಿಗೆ ಚೆನ್ನಾಗಿ ಕಂಡ ಜಾಗದಲ್ಲೂ ಸೂಕ್ಷ್ಮದರ್ಶಕದಡಿ ಹಳೆಯ ಉರಿಯೂತದ ಗುರುತು ಸಿಗುತ್ತದೆ. ಹಾಗಾಗಿ 8ನೇ ವರ್ಷದ ಮೊದಲ ಕೊಲೊನೋಸ್ಕೋಪಿಯಲ್ಲಿ, ಬೇರೇನೂ ಕಾಣದಿದ್ದರೂ, ಪ್ರತಿ ಭಾಗದಿಂದ ಎರಡೆರಡು ತುಣುಕು ಬೇರೆ ಬೇರೆ ಬಾಟಲಿಯಲ್ಲಿ ಕಳಿಸಿ. ಇವು ಡಿಸ್‌ಪ್ಲೇಸಿಯಾ ಹುಡುಕಲು ಅಲ್ಲ, ಹರವು ಅಳೆಯಲು.

ಮುಂದಿನ ಅಂತರ ಎಲ್ಲರಿಗೂ ಒಂದೇ ಅಲ್ಲ. ಯುರೋಪಿನ ಮಾರ್ಗಸೂಚಿಗಳು ಮೂರು ಗುಂಪು ಮಾಡುತ್ತವೆ. ಪಿಎಸ್‌ಸಿ ಇದ್ದವರು, ಕಳೆದ 5 ವರ್ಷದಲ್ಲಿ ಡಿಸ್‌ಪ್ಲೇಸಿಯಾ ಅಥವಾ ಕರುಳಿನ ಕಿರಿದಾಗುವಿಕೆ ಕಂಡವರು, ಇಡೀ ಕರುಳಲ್ಲಿ ತೀವ್ರ ಉರಿಯೂತ ಇರುವವರು, ಹೆತ್ತವರಿಗೋ ಒಡಹುಟ್ಟಿದವರಿಗೋ ಮಕ್ಕಳಿಗೋ 50 ವರ್ಷದೊಳಗೆ ಕರುಳಿನ ಕ್ಯಾನ್ಸರ್ ಬಂದವರು: ಇವರಿಗೆ ವರ್ಷಕ್ಕೊಮ್ಮೆ. ಹರಡಿದ ಕೊಲೈಟಿಸ್ ಜೊತೆ ಸಾಧಾರಣ ಉರಿಯೂತ, ಉರಿಯೂತ ಬಿಟ್ಟುಹೋದ ಪಾಲಿಪ್‌ಗಳು, ಅಥವಾ ಅಂಥದೇ ಹತ್ತಿರದ ಸಂಬಂಧಿಗೆ 50ರ ನಂತರ ಕ್ಯಾನ್ಸರ್: 2–3 ವರ್ಷಕ್ಕೊಮ್ಮೆ. ಇದ್ಯಾವುದೂ ಇಲ್ಲ, ಉರಿಯೂತ ಆರಿದೆ, ಅಥವಾ ಕಾಯಿಲೆ ಎಡಭಾಗಕ್ಕಷ್ಟೇ ಸೀಮಿತ: 5 ವರ್ಷ. ಪ್ರತಿ ಸಲವೂ ಹೊಸದಾಗಿ ಗುಂಪು ನಿರ್ಧರಿಸಿ. ಹೋದ ಸಲ "5 ವರ್ಷ" ಅಂತ ಬರೆದಿದ್ದೆವು ಅಂತ ಅದನ್ನೇ ನಕಲು ಹೊಡೆಯುವುದು ತೀರಾ ಸಾಮಾನ್ಯವಾದ ತಪ್ಪು.

ಅಪಾಯ ಎಷ್ಟು ಅಂತ ರೋಗಿಗಳು ಕೇಳಿದಾಗ 2001ರ ಹಳೆಯ ಸಂಗ್ರಹ ವಿಶ್ಲೇಷಣೆಯ ಅಂಕಿಯನ್ನು ಮುಖಕ್ಕೆ ಹಿಡಿಯಬೇಡಿ. 10 ವರ್ಷಕ್ಕೆ ಶೇ. 2, 20ಕ್ಕೆ ಶೇ. 8, 30ಕ್ಕೆ ಶೇ. 18 ಅಂತ ಅದರಲ್ಲಿತ್ತು. ನಂತರ ಇಡೀ ಜನಸಂಖ್ಯೆಯನ್ನು ಹಿಡಿದು ನಡೆದ ಅಧ್ಯಯನಗಳಲ್ಲಿ ಅಪಾಯ ಅದಕ್ಕಿಂತ ಸಾಕಷ್ಟು ಕಡಿಮೆ ಬಂದಿದೆ. ಆದರೆ ಸರಾಸರಿ ಕಡಿಮೆಯಾಗಿದೆ ಅಂತ ಪಿಎಸ್‌ಸಿ ಇರುವವರ ಅಪಾಯವೂ ಕರಗಿತು ಅಂತ ಅಲ್ಲ.

---

ಟ್ರಾಲಿ_ಸಿದ್ಧ ಉತ್ತರ:

ಬಣ್ಣದ ಲೆಕ್ಕ ಕೇಳಿದಿರಲ್ಲ, ಅದಕ್ಕೂ ಮುಂಚೆ ಕರುಳು ಸ್ವಚ್ಛ ಆಗುವ ಮಾತು. ಕೊಳಕು ಕರುಳಿಗೆ ಬಣ್ಣ ಹೊಡೆದರೆ ಸಿಗುವುದು ನೀಲಿ ಕೊಳಕು, ಅಷ್ಟೇ.

ಬೇಧಿ ಮದ್ದು ಎರಡು ಕಂತಿನಲ್ಲೇ ಆಗಬೇಕು. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4–6 ಗಂಟೆ ಮುಂಚೆ ಶುರುಮಾಡಿ, ಕಡೇಪಕ್ಷ 2 ಗಂಟೆ ಮುಂಚೆ ಮುಗಿಸಬೇಕು. ಪೂರ್ತಿ ಮದ್ದು ಹಿಂದಿನ ರಾತ್ರಿಯೇ ಕುಡಿದು ಮಲಗಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿಂದ ಇಳಿದ ಪಿತ್ತ, ಲೋಳೆ ಬಲಭಾಗದಲ್ಲಿ ಅಂಟಿ ಕೂತಿರುತ್ತದೆ. ಚಪ್ಪಟೆ ಗಾಯ (ಡಿಸ್‌ಪ್ಲೇಸಿಯಾ ಇರಬಹುದಾದ ಜಾಗ) ಅಡಗುವುದು ಅದರಡಿಯಲ್ಲೇ. ಪಾಲಿಎಥಿಲೀನ್ ಗ್ಲೈಕಾಲ್ ಇರುವ ಮದ್ದು ಒಳ್ಳೆಯದು. ಸೋಡಿಯಂ ಫಾಸ್ಫೇಟ್ ಬೇಡ. ಅದು ತಾನೇ ಸಣ್ಣ ಸಣ್ಣ ಹುಣ್ಣು ಎಬ್ಬಿಸುತ್ತದೆ, ನೋಡುವವರಿಗೆ ಕಾಯಿಲೆಯದೋ ಮದ್ದಿನದೋ ತಿಳಿಯುವುದಿಲ್ಲ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಒಂದು ವಾರ ಮುಂಚೆ ನಿಲ್ಲಿಸಲು ಹೇಳಿ. ಮಲ ಕಪ್ಪಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ, ಎಷ್ಟು ನೀರು ಹೊಡೆದರೂ ಬಿಡುವುದಿಲ್ಲ. ಬೀಜ, ಸಿಪ್ಪೆ ಇರುವ ಆಹಾರವನ್ನು ಎರಡು ಮೂರು ದಿನ ಬಿಡಬೇಕು. ಒಂದು ಬೀಜ ಹೀರುವ ಕೊಳವೆಗೆ ಸಿಕ್ಕರೆ ಅಲ್ಲಿಗೆ ಹೀರುವ ಕೆಲಸ ನಿಂತಿತು.

ಕರುಳು ಎಷ್ಟು ಸ್ವಚ್ಛ ಅಂತ ಭಾಗಕ್ಕೆ 0ಯಿಂದ 3ರವರೆಗೆ ಕೊಡುವ ಬಾಸ್ಟನ್ ಅಂಕದಲ್ಲಿ ಮೂರೂ ಭಾಗಕ್ಕೆ ತಲಾ 2 ಅಥವಾ 3 ಬರಬೇಕು. ಒಟ್ಟು 6 ಬಂದರಾಯಿತು ಅಂತಲ್ಲ. 3+3+0 ಕೂಡ ಆರೇ! ಯಾವುದೇ ಭಾಗ 2ಕ್ಕಿಂತ ಕೆಳಗಿದ್ದರೆ ಬಣ್ಣದ ಬಾಟಲಿ ತೆರೆಯುವ ಬದಲು ಇನ್ನೊಂದು ದಿನ ಕೊಡುವುದು ವಾಸಿ.

ಈಗ ಬಣ್ಣ.

ಇಂಡಿಗೊ ಕಾರ್ಮೈನ್: 0.8% ತೀವ್ರತೆಯ 5 ಮಿ.ಲೀ. ಆಂಪೂಲ್ ಎರಡನ್ನು 250 ಮಿ.ಲೀ. ನೀರಿಗೆ ಹಾಕಿ. ಹತ್ತಿರ ಹತ್ತಿರ 0.03% ಆಗುತ್ತದೆ. ಇದು ಇಡೀ ಕರುಳಿಗೆ ಹಚ್ಚುವ ತೆಳು ದ್ರಾವಣ. ಅನುಮಾನದ ಜಾಗ ಕಂಡಾಗ ಹತ್ತಿರದಿಂದ ನೋಡಲು ಗಟ್ಟಿಯದು ಬೇಕು: ಅದೇ ಆಂಪೂಲ್ ಒಂದನ್ನು 25 ಮಿ.ಲೀ. ನೀರಿಗೆ ಬೆರೆಸಿ, ಸಿರಿಂಜಿನಲ್ಲಿ ತುಂಬಿ, ಬಯಾಪ್ಸಿ ಚಾನೆಲ್ ಮೂಲಕ ನೇರ ಅಲ್ಲಿಗೇ ಬಿಡಿ. ಇದು 0.13% ಆಸುಪಾಸು.

ಮಿಥಿಲೀನ್ ಬ್ಲೂ: 1% ತೀವ್ರತೆಯ 10 ಮಿ.ಲೀ.ಯನ್ನು 240 ಮಿ.ಲೀ. ನೀರಿಗೆ. 0.04% ಆಗುತ್ತದೆ.

ಎರಡರ ಗುಣ ಬೇರೆ. ಇಂಡಿಗೊ ಕಾರ್ಮೈನ್ ಒಳಗೆ ಇಳಿಯುವುದಿಲ್ಲ. ಲೋಳೆಪೊರೆಯ ಗೀರು, ತಗ್ಗುಗಳಲ್ಲಿ ನಿಂತು ಏರಿಳಿತ ತೋರಿಸುತ್ತದೆ. ಮಳೆ ನಿಂತ ಮೇಲೆ ಅಂಗಳದ ತಗ್ಗುಗಳಲ್ಲಿ ನೀರು ನಿಲ್ಲುವ ಹಾಗೆ. ಮಿಥಿಲೀನ್ ಬ್ಲೂ ಜೀವಕೋಶದೊಳಕ್ಕೆ ಹೀರಿಕೊಳ್ಳುತ್ತದೆ. ಆರೋಗ್ಯವಂತ ಪೊರೆ ಒಂದು ನಿಮಿಷದಲ್ಲಿ ನೀಲಿಯಾಗುತ್ತದೆ, ಉರಿಯೂತ ಅಥವಾ ಡಿಸ್‌ಪ್ಲೇಸಿಯಾ ಇರುವ ಜಾಗ ಸರಿಯಾಗಿ ಹೀರದೆ ಮಸುಕಾಗಿ ಉಳಿಯುತ್ತದೆ. ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಕಿಣ್ವ) ಕೊರತೆ ಇರುವವರಿಗೆ ಮಿಥಿಲೀನ್ ಬ್ಲೂ ಬೇಡ. ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ತಗೊಳ್ಳುವವರಾದರೆ ಮೊದಲೇ ವೈದ್ಯರ ಗಮನಕ್ಕೆ ತನ್ನಿ. ಮೂತ್ರ, ಮಲ ಒಂದೆರಡು ದಿನ ಹಸಿರೋ ನೀಲಿಯೋ ಬರುತ್ತದೆ ಅಂತ ರೋಗಿಗೆ ಮುಂಚೆಯೇ ಹೇಳಿಬಿಡಿ. ಹೇಳದಿದ್ದರೆ ಮರುದಿನ ಬೆಳಿಗ್ಗೆ ಫೋನ್ ಬರುವುದು ಖಂಡಿತ.

ಕೆಲಸದ ವರಸೆ ಹೀಗೆ. ಒಳಗೆ ಹೋಗುವಾಗ ಬಣ್ಣವಿಲ್ಲದ ನೀರಿಂದ ತೊಳೆಯುತ್ತಾ, ಹೀರುತ್ತಾ ಸೀಕಮ್ (ದೊಡ್ಡ ಕರುಳು ಶುರುವಾಗುವ ತುದಿ) ತಲುಪಿ. ಅಲ್ಲಿ ಕಾಲಿನಿಂದ ಒತ್ತುವ ವಾಟರ್ ಜೆಟ್ಟಿನ ಬಾಟಲಿ ಬದಲಿಸಿ ಬಣ್ಣದ ಬಾಟಲಿ ಜೋಡಿಸಿ. ಕರುಳು ಬಹಳ ಮುದುಡಿಕೊಳ್ಳುತ್ತಿದ್ದರೆ, ಗ್ಲಾಕೋಮಾ, ಹೃದಯದ ಬಡಿತದ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಕರುಳಿನ ಸೆಳೆತ ತಗ್ಗಿಸುವ ಹಯೋಸಿನ್ ಬ್ಯೂಟೈಲ್‌ಬ್ರೋಮೈಡ್ 20 ಮಿ.ಗ್ರಾಂ. ರಕ್ತನಾಳಕ್ಕೆ ಕೊಡುವುದುಂಟು. ಆಮೇಲೆ ಸ್ಕೋಪ್ ತಿರುಗಿಸುತ್ತಾ ಹಿಂದಕ್ಕೆ ಎಳೆಯುತ್ತಾ, ಬಣ್ಣದ ಧಾರೆಯನ್ನು ಕೆಳಗಿನ ಗೋಡೆಗಲ್ಲ, ಮೇಲಿನ ಗೋಡೆಗೆ ಹೊಡೆಯಿರಿ. ಕೆಳಗಿನದಕ್ಕೆ ತಾನಾಗಿ ಇಳಿಯುತ್ತದೆ. 20–30 ಸೆಂ.ಮೀ. ಹಚ್ಚಿ, ಮತ್ತೆ ಅಷ್ಟೇ ದೂರ ಒಳಗೆ ಹೋಗಿ, ಕೆರೆಯಂತೆ ನಿಂತ ಬಣ್ಣ ಹೀರಿ ತೆಗೆದು, ಒಂದು ನಿಮಿಷ ಬಿಟ್ಟು, ಆಮೇಲೆ ನಿಧಾನಕ್ಕೆ ನೋಡುತ್ತಾ ಬರಬೇಕು. ಮುಂದಿನ 20–30 ಸೆಂ.ಮೀ.ಗೆ ಮತ್ತದೇ. ಒಟ್ಟು ಸಮಯ ಹತ್ತು ನಿಮಿಷದಷ್ಟು ಹೆಚ್ಚಾಗುತ್ತದೆ. ಪಟ್ಟಿಯಲ್ಲಿ ಆ ಹೊತ್ತನ್ನು ಮೊದಲೇ ಇಟ್ಟುಕೊಳ್ಳದೆ ಎರಡು ಮಾಮೂಲಿ ಕೇಸಿನ ಮಧ್ಯೆ ತುರುಕಿದರೆ ಗಡಿಬಿಡಿಯಲ್ಲಿ ಬಣ್ಣ ಹಚ್ಚಿದ್ದಷ್ಟೇ ಬಂತು, ನೋಡಿದ್ದೇನೂ ಇರುವುದಿಲ್ಲ.

ಗುಳ್ಳೆ ಹೋಗಲು ಸಿಮೆಥಿಕೋನ್ ಬಳಸುವುದಾದರೆ ಜೆಟ್ ಬಾಟಲಿಗೆ ಸುರಿಯಬೇಡಿ. ಸ್ವಲ್ಪವೇ ಬೆರೆಸಿ, ಉಜ್ಜಿ ತೊಳೆಯಬಹುದಾದ ಬಯಾಪ್ಸಿ ಚಾನೆಲ್ಲಿನಿಂದ ಕೊಡಿ. ಜೆಟ್ಟಿನ ಸಣ್ಣ ದಾರಿಯೊಳಗೆ ಅದರ ಅಂಟು ಉಳಿದರೆ ಬ್ರಷ್ ಹಾಕಲು ಜಾಗವಿಲ್ಲ. ಪರೀಕ್ಷೆ ಮುಗಿದ ತಕ್ಷಣ ಜೆಟ್ ದಾರಿಯಲ್ಲಿ ಶುದ್ಧ ನೀರು ಹರಿಸಿ ಬಣ್ಣ ಪೂರ್ತಿ ಹೋಗುವಂತೆ ನೋಡಿಕೊಳ್ಳಿ.

---

ನಿಧಾನ_ವಾಪಸಿ ಉತ್ತರ:

ಟ್ರಾಲಿ_ಸಿದ್ಧ ಮೇಡಂ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಬಣ್ಣ ಇಲ್ಲದೆ ತಪಾಸಣೆಯೇ ಇಲ್ಲ ಅನ್ನುವ ಭಾವನೆ ಬರಬಾರದು. 2015ರ ಸೀನಿಕ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆಯನ್ನು ಗಮನವಿಟ್ಟು ಓದಿ. ಹಳೆಯ ಸ್ಟ್ಯಾಂಡರ್ಡ್ ಡೆಫಿನಿಷನ್ ಸ್ಕೋಪ್ ಇದ್ದರೆ ಬಣ್ಣ ಬೇಕೇ ಬೇಕು ಅನ್ನುವುದು ಗಟ್ಟಿ ಶಿಫಾರಸು. ಹೈ ಡೆಫಿನಿಷನ್ ಸ್ಕೋಪ್ ಇದ್ದಲ್ಲಿ ಅದು ಬರೀ ಸಲಹೆಯ ಮಟ್ಟದ್ದು. ಆಮೇಲೆ ಬಂದ ಅಧ್ಯಯನಗಳಲ್ಲಿ ಎನ್‌ಬಿಐ, ಐ-ಸ್ಕ್ಯಾನ್‌ನಂಥ ಗುಂಡಿ ಒತ್ತಿದರೆ ಬಣ್ಣ ಬದಲಾಗುವ ವರ್ಚುವಲ್ ವಿಧಾನಗಳೂ, ಹೈ ಡೆಫಿನಿಷನ್ ಸ್ಕೋಪಿನ ಜೊತೆ, ಒಪ್ಪತಕ್ಕವು ಅಂತಾಗಿದೆ. 2021ರ ಅಮೆರಿಕದ ಎಜಿಎ (ಜೀರ್ಣಾಂಗ ವೈದ್ಯರ ಸಂಘ) ಸಲಹೆಯೂ ಅದನ್ನು ಪರ್ಯಾಯವಾಗಿ ಒಪ್ಪುತ್ತದೆ. ಆದ್ದರಿಂದ ಹೈ ಡೆಫಿನಿಷನ್ ಇದ್ದು ಡೈ (ಸಿಂಪಡಿಸುವ ಬಣ್ಣ) ಸಿಗದ ಕಡೆ ತಪಾಸಣೆ ಮುಂದೂಡುವುದು ಸರಿಯಲ್ಲ. ಸ್ಟ್ಯಾಂಡರ್ಡ್ ಡೆಫಿನಿಷನ್ ಮಾತ್ರ ಇದ್ದು ಡೈ ಕೂಡ ಇಲ್ಲದಿದ್ದರೆ ಬೇರೆ ಕಡೆ ಕಳಿಸುವುದೇ ಸರಿ.

ಹಿಂದೆ ಒಮ್ಮೆ ಡಿಸ್‌ಪ್ಲೇಸಿಯಾ ಸಿಕ್ಕವರಿಗೆ, ಪಿಎಸ್‌ಸಿ ಇರುವವರಿಗೆ ನಾನು ಡೈ ಪರವಾಗಿಯೇ ವಾದಿಸುತ್ತೇನೆ. ಉಳಿದವರಲ್ಲಿ ಡೈಗಿಂತ ಹೆಚ್ಚು ಫಲ ಕೊಡುವುದು ಕೈ ನಿಧಾನ ಮಾಡಿಕೊಳ್ಳುವುದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ 32 ತುಣುಕು. ಆ ಸಂಖ್ಯೆಯ ಹಿಂದೆ ಒಂದು ಲೆಕ್ಕ ಇದೆ. ಡಿಸ್‌ಪ್ಲೇಸಿಯಾ ತಪ್ಪಿಹೋಗದಂತೆ ಶೇ. 90ರಷ್ಟು ಭರವಸೆ ಬೇಕಾದರೆ 33 ತುಣುಕು ಬೇಕು ಅಂತ 1992ರಲ್ಲಿ ಬಂದ ಅಂದಾಜು ಅದು. ಕಣ್ಣಿಗೆ ಸರಿಯಾಗಿ ಕಾಣದ ಕಾಲದ ಲೆಕ್ಕ. ಅಷ್ಟೂ ತುಣುಕು ಸೇರಿದರೂ ಕರುಳಿನ ಒಳಮೈಯ ಶೇ. 1ರಷ್ಟೂ ಆಗುವುದಿಲ್ಲ. ಕಣ್ಣಿಗೆ ಕಾಣದ್ದು ಅಂತ ಆಗ ಅಂದುಕೊಂಡಿದ್ದರಲ್ಲಿ ಬಹುಪಾಲು ಒಳ್ಳೆಯ ಸ್ಕೋಪಿನಲ್ಲಿ ಕಾಣುವಂಥದೇ. ಹಾಗಾಗಿ ಸಾಮಾನ್ಯ ಅಪಾಯದವರಲ್ಲಿ ಕಂಡ ಜಾಗದಿಂದಷ್ಟೇ ಗುರಿಯಿಟ್ಟು ತೆಗೆದರೆ ಸಾಕು. ಆದರೆ ಮೂರು ಕಡೆ ಕುರುಡು ಬಯಾಪ್ಸಿಯನ್ನು (ಕಣ್ಣಿಗೆ ಏನೂ ಕಾಣದ ಜಾಗದಿಂದಲೂ ತೆಗೆಯುವ ತುಣುಕು) ಬಿಡಬೇಡಿ: ಪಿಎಸ್‌ಸಿ ಇದ್ದಲ್ಲಿ, ಹಿಂದೆ ಡಿಸ್‌ಪ್ಲೇಸಿಯಾ ಸಿಕ್ಕಿದ್ದಲ್ಲಿ, ಮತ್ತು ಮಡಿಕೆಗಳೆಲ್ಲ ಅಳಿಸಿ ಕರುಳು ನೀರಿನ ಪೈಪಿನಂತೆ ನುಣುಪಾಗಿ ಹೋದಲ್ಲಿ. ಈ ಮೂರರಲ್ಲೂ ಬಣ್ಣ ಹಚ್ಚಿದ ಮೇಲೂ ಕುರುಡು ತುಣುಕಿನಲ್ಲಷ್ಟೇ ಸಿಗುವ ಡಿಸ್‌ಪ್ಲೇಸಿಯಾ ಇರುತ್ತದೆ. ನೋಡುವುದು ಮುಗಿದ ಮೇಲೆ ಆ ಭಾಗದಲ್ಲಿ ತುಣುಕು ತೆಗೆಯಿರಿ. ಮೊದಲೇ ಚಿವುಟಿದರೆ ರಕ್ತ ಹರಿದು ಬಣ್ಣ ಹಚ್ಚಿದ್ದು ವ್ಯರ್ಥ.

ಏನನ್ನು ಹುಡುಕಬೇಕು? ಹೊಸಬರು ಪಾಲಿಪ್ ಹುಡುಕುತ್ತಾರೆ. ಕೊಲೈಟಿಸ್‌ನ ಡಿಸ್‌ಪ್ಲೇಸಿಯಾ ಅನೇಕ ಸಲ ತಲೆ ಎತ್ತುವುದೇ ಇಲ್ಲ. ಅಂಗೈ ಅಗಲದ ಜಾಗದಲ್ಲಿ ಪೊರೆ ಸ್ವಲ್ಪ ಒರಟು, ಮಖಮಲ್ಲಿನಂತೆ. ರಕ್ತನಾಳದ ಜಾಲ ಅಲ್ಲಿಗೆ ಬಂದು ತಟ್ಟನೆ ತುಂಡಾಗಿರುತ್ತದೆ. ಸುತ್ತಲಿನದಕ್ಕಿಂತ ಒಂದು ಛಾಯೆ ಕೆಂಪು ಅಥವಾ ಬಿಳಿಚು. ಗಾಳಿ ತುಂಬಿದಾಗ ಸುತ್ತಲಿನ ಗೋಡೆ ಹಿಗ್ಗಿದರೂ ಆ ಜಾಗ ಬಿಗಿದುಕೊಂಡೇ ಇದ್ದರೆ ಅನುಮಾನ ಗಟ್ಟಿಯಾಗಬೇಕು. ಬಣ್ಣ ನಿಂತ ಮೇಲೆ ಅಂಚು ಗೆರೆ ಎಳೆದಂತೆ ಕಂಡರೆ ಅದು ಡಿಸ್‌ಪ್ಲೇಸಿಯಾ ಇರುವ ಸಾಧ್ಯತೆ ಹೆಚ್ಚು. ಉರಿಯೂತದ ಜಾಗ ಅಂಚಿಲ್ಲದೆ ಸುತ್ತಲಿನದರಲ್ಲಿ ಕರಗಿಹೋಗುತ್ತದೆ. ಪೊರೆಯ ಮೇಲಿನ ಸಣ್ಣ ರಂಧ್ರಗಳ ಆಕಾರ ನೋಡಿ ಗುರುತಿಸುವ ಕೂಡೋ ಪಿಟ್ ಮಾದರಿಯನ್ನು ಇಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಗಾಯ ಮಾಯುತ್ತಿರುವ ಪೊರೆಯೂ 3, 4ನೇ ಮಾದರಿಯ ವೇಷ ಹಾಕುತ್ತದೆ.

ವರದಿಯಲ್ಲಿ "ಡಾಲ್ಮ್" (ಡಿಸ್‌ಪ್ಲೇಸಿಯಾ ಜೊತೆಗಿರುವ ಉಬ್ಬು) ಅನ್ನುವ ಹಳೆಯ ಪದ ಬಿಡಿ. ಮಟ್ಟದಿಂದ 2.5 ಮಿ.ಮೀ. ಅಥವಾ ಹೆಚ್ಚು ಎದ್ದಿದ್ದರೆ ಪಾಲಿಪಾಯ್ಡ್ (ಉಬ್ಬಿದ್ದು), ಕಡಿಮೆಯಿದ್ದರೆ ನಾನ್‌ಪಾಲಿಪಾಯ್ಡ್. ಬಾಯಿ ಮುಚ್ಚಿದ ಬಯಾಪ್ಸಿ ಫೋರ್ಸೆಪ್ಸಿನ ದಪ್ಪ ಸರಿಸುಮಾರು ಅಷ್ಟೇ ಇರುತ್ತದೆ. ಪಕ್ಕಕ್ಕೆ ಹಿಡಿದರೆ ಅಳತೆಗೋಲು ಸಿಕ್ಕಂತೆ. ಅದರ ಜೊತೆ ಅಳತೆ, ಅಂಚು ಸ್ಪಷ್ಟವೋ ಅಲ್ಲವೋ, ಹುಣ್ಣು ಇದೆಯೋ, ಆ ಜಾಗ ಹಿಂದೆ ಉರಿಯೂತ ಇದ್ದ ಪ್ರದೇಶದೊಳಗೋ ಹೊರಗೋ, ಇಷ್ಟನ್ನೂ ಬರೆಯಿರಿ. ಯಾವತ್ತೂ ಉರಿಯೂತ ಮುಟ್ಟದ ಜಾಗದ ಅಡಿನೋಮಾ (ಕ್ಯಾನ್ಸರ್ ಆಗಿರದ ಗ್ರಂಥಿಯ ಗಂಟು) ಮಾಮೂಲಿ ಅಡಿನೋಮಾ. ಅದನ್ನು ತೆಗೆದರಾಯಿತು, ಕೊಲೈಟಿಸ್ ಲೆಕ್ಕಕ್ಕೆ ತರಬೇಕಿಲ್ಲ.

---

ಸ್ಲೈಡ್_ಮನೆ ಉತ್ತರ:

"ಇಂಡೆಫಿನಿಟ್" ಅನ್ನುವುದನ್ನು ಪೆಥಾಲಜಿಸ್ಟ್ ಕೈ ತೊಳೆದುಕೊಂಡ ಹಾಗೆ ಅಂತ ತಿಳಿಯಬೇಡಿ. 1983ರಲ್ಲಿ ರಿಡೆಲ್ ಮತ್ತು ಜೊತೆಗಾರರು ಮಾಡಿದ ವರ್ಗೀಕರಣದಲ್ಲೇ ಅದು ಒಂದು ಮನೆ: ಇಲ್ಲ, ಹೇಳಲಾಗದು, ಲೋ ಗ್ರೇಡ್ (ಸೌಮ್ಯ ಡಿಸ್‌ಪ್ಲೇಸಿಯಾ), ಹೈ ಗ್ರೇಡ್ (ತೀವ್ರವಾದದ್ದು).

ಹೇಳಲಾಗದ್ದು ಏಕೆ ಅಂದರೆ, ಹುಣ್ಣಿನ ಪಕ್ಕದ ಪೊರೆ ಮಾಯಲು ಹೊರಟಾಗ ಜೀವಕೋಶದ ನ್ಯೂಕ್ಲಿಯಸ್ ಉಬ್ಬುತ್ತದೆ, ಗಾಢವಾಗುತ್ತದೆ, ಒಂದರ ಮೇಲೊಂದು ಕೂರುತ್ತದೆ. ಡಿಸ್‌ಪ್ಲೇಸಿಯಾ ಮಾಡುವುದೂ ಅದನ್ನೇ. ವ್ಯತ್ಯಾಸ ಹಿಡಿಯಲು ಮೇಲ್ಮೈ ನೋಡುತ್ತೇವೆ. ಮಾಯುತ್ತಿರುವ ಗ್ರಂಥಿಯಲ್ಲಿ ಬುಡದಲ್ಲಿ ಎಷ್ಟೇ ಗಲಾಟೆ ಇದ್ದರೂ ಮೇಲೆ ಬರುತ್ತಾ ಕೋಶಗಳು ತಣ್ಣಗಾಗಿ ಮಾಗುತ್ತವೆ. ಡಿಸ್‌ಪ್ಲೇಸಿಯಾದಲ್ಲಿ ಬುಡದ ಗಲಾಟೆ ಮೇಲ್ಮೈವರೆಗೂ ಮಾಗದೆ ಬರುತ್ತದೆ. ತುಣುಕು ಅಡ್ಡಡ್ಡ ಕತ್ತರಿಸಲ್ಪಟ್ಟು ಮೇಲ್ಮೈಯೇ ಕಾಣದಿದ್ದರೆ? ಪೊರೆಯಲ್ಲಿ ನ್ಯೂಟ್ರೋಫಿಲ್ (ಉರಿಯೂತದಲ್ಲಿ ಸೇರುವ ಬಿಳಿ ರಕ್ತಕಣ) ತುಂಬಿ ತುಳುಕುತ್ತಿದ್ದರೆ? ಆಗ ಬರುವ ಪ್ರಾಮಾಣಿಕ ಉತ್ತರವೇ "ಹೇಳಲಾಗದು".

ಆದ್ದರಿಂದ ಈ ವರದಿಯನ್ನು ಕಡಿಮೆ ಮಾಡುವ ಕೆಲಸ ಎಂಡೋಸ್ಕೋಪಿ ಕೋಣೆಯಲ್ಲೇ ಶುರುವಾಗುತ್ತದೆ. ಉರಿಯೂತ ಆರಿರುವಾಗ ಪರೀಕ್ಷೆ ಇಟ್ಟುಕೊಳ್ಳಿ. ಹಾಗಂತ ಪೂರ್ತಿ ಆರಲಿ ಅಂತ ವರ್ಷಗಟ್ಟಲೆ ಮುಂದೂಡುವುದೂ ತಪ್ಪು. ಆರದೇ ಉಳಿದ ಉರಿಯೂತವೇ ಅಪಾಯದ ಮೂಲ. ಕಂಡ ಗಾಯದ ತುಣುಕು ಒಂದು ಬಾಟಲಿ, ಕುರುಡು ತುಣುಕು ಭಾಗಕ್ಕೊಂದು ಬಾಟಲಿ. ಸೀಕಮ್‌ನಿಂದ ಗುದನಾಳದವರೆಗಿನ ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿ ಕಳಿಸಿದ್ದರಲ್ಲಿ ಲೋ ಗ್ರೇಡ್ ಸಿಕ್ಕರೆ, ಎಲ್ಲಿ ಅಂತ ಮತ್ತೆ ಹುಡುಕಲು ರೋಗಿ ಇನ್ನೊಮ್ಮೆ ಬೇಧಿ ಮದ್ದು ಕುಡಿಯಬೇಕು. ಅರ್ಜಿಯಲ್ಲಿ ಕಾಯಿಲೆ ಎಷ್ಟು ವರ್ಷದ್ದು, ಈಗಿನ ಔಷಧಿ ಏನು, ಗಾಯ ಹೇಗೆ ಕಂಡಿತು, ಸಾಧ್ಯವಾದರೆ ಚಿತ್ರ, ಇಷ್ಟು ಇರಲಿ. "ಕೊಲೈಟಿಸ್, ಡಿಸ್‌ಪ್ಲೇಸಿಯಾ ಇದೆಯೇ ನೋಡಿ" ಅನ್ನುವ ಒಂದು ಸಾಲಿನ ಅರ್ಜಿಗೆ ಒಂದು ಸಾಲಿನ ಉತ್ತರವೇ ಬರುತ್ತದೆ.

ಯಾವುದೇ ಗ್ರೇಡಿನ ಡಿಸ್‌ಪ್ಲೇಸಿಯಾ ಆಗಲಿ, ಇಂಡೆಫಿನಿಟ್ ಆಗಲಿ, ಕರುಳಿನ ಸ್ಲೈಡುಗಳನ್ನೇ ಹೆಚ್ಚು ನೋಡುವ ಎರಡನೇ ಪೆಥಾಲಜಿಸ್ಟ್ ನೋಡಿ ಒಪ್ಪಬೇಕು. ಇಂಡೆಫಿನಿಟ್ ಮತ್ತು ಲೋ ಗ್ರೇಡ್ ನಡುವೆ ಇಬ್ಬರು ಅನುಭವಿಗಳೂ ಭಿನ್ನವಾಗಿ ಓದುವುದು ಹೊಸತಲ್ಲ. ಪಿ53 ಪ್ರೋಟೀನನ್ನು ಸ್ಲೈಡಿನಲ್ಲಿ ತೋರಿಸುವ ಬಣ್ಣ ನೆರವಿಗೆ ಬರುತ್ತದೆ. ಕೊಲೈಟಿಸ್‌ನಲ್ಲಿ ಪಿ53 ಜೀನ್ ಬಹಳ ಬೇಗ ಕೆಡುತ್ತದೆ, ಎಪಿಸಿ ಅನ್ನುವ ಇನ್ನೊಂದು ಜೀನ್ ತಡವಾಗಿ. ಮಾಮೂಲಿ ಪಾಲಿಪಿನ ದಾರಿಗೆ ಇದು ತಲೆಕೆಳಗು. ಆದರೆ ಓದುವಾಗ ಒಂದು ಎಚ್ಚರ: ಎಲ್ಲ ಕೋಶಗಳೂ ಗಾಢವಾಗಿ ಬಣ್ಣ ಹಿಡಿದರೆ ಅಸಹಜ, ಒಂದು ಕೋಶವೂ ಬಣ್ಣ ಹಿಡಿಯದಿದ್ದರೂ ಅಸಹಜ. ಅಲ್ಲೊಂದು ಇಲ್ಲೊಂದು ತೆಳುವಾಗಿ ಹಿಡಿದರಷ್ಟೇ ಸಹಜ. "ಪಿ53 ನೆಗೆಟಿವ್, ಪರವಾಗಿಲ್ಲ" ಅಂತ ಓದಿಬಿಟ್ಟರೆ ಕೆಟ್ಟಿತು.

ಇಂಡೆಫಿನಿಟ್ ಖಚಿತವಾದರೆ ಉರಿಯೂತಕ್ಕೆ ಔಷಧಿ ಬಿಗಿಮಾಡಿ, 3ರಿಂದ 6 ತಿಂಗಳಲ್ಲಿ, ಈ ಸಲ ಡೈ ಹಾಕಿ, ಮತ್ತೆ ನೋಡುವುದು ಒಳ್ಳೆಯದು.

---

ಎಂಡೋ_ಪಾಳಿ:

ಬಹಳ ಉಪಕಾರವಾಯಿತು ಎಲ್ಲರಿಗೂ. ಇನ್ನೆರಡು ಬಿಟ್ಟುಹೋಯಿತು. ಗಾಯ ಕಂಡಾಗ ಅಲ್ಲೇ ತುಂಬಾ ತುಣುಕು ತೆಗೆದು, ಪಕ್ಕದಲ್ಲಿ ಶಾಯಿ ಗುರುತು ಹಾಕಿ, ಆಮೇಲೆ ತೆಗೆಯುವವರ ಬಳಿ ಕಳಿಸುವುದು ಸರಿಯೇ? ಮತ್ತೆ, ಸ್ಕೋಪ್ ಮುಂದೆ ಹೋಗದಷ್ಟು ಕಿರಿದಾದ ಜಾಗ ಸಿಕ್ಕರೆ?

---

ಸೀಕಮ್‌ವರೆಗೆ:

ತುಂಬಾ ತುಣುಕು ತೆಗೆಯುವುದು ಬೇಡ. ಹಳೆಯ ಉರಿಯೂತದಿಂದ ಪೊರೆಯಡಿಯ ಪದರ ಮೊದಲೇ ನಾರುಗಟ್ಟಿರುತ್ತದೆ. ಇಎಂಆರ್ (ಸ್ಕೋಪಿನಿಂದಲೇ ಗಾಯ ಕಿತ್ತು ತೆಗೆಯುವ ವಿಧಾನ) ಮಾಡುವಾಗ ಕೆಳಗೆ ದ್ರವ ಚುಚ್ಚಿದರೂ ಗಾಯ ಮೇಲೇಳದೆ ಅಲ್ಲೇ ಕೂತುಬಿಡುತ್ತದೆ. ಹತ್ತು ಕಡೆ ಚಿವುಟಿದರೆ ಇನ್ನಷ್ಟು ನಾರು. ತೆಗೆಯಬಹುದಾದ ಗಾಯ ಅನಿಸಿದರೆ ಒಂದು ಅಥವಾ ಎರಡು ತುಣುಕು, ಒಳ್ಳೆಯ ಚಿತ್ರಗಳು, ಗುದದಿಂದ ಎಷ್ಟು ಸೆಂ.ಮೀ. ಅನ್ನುವ ಲೆಕ್ಕ, ಇಷ್ಟರಲ್ಲಿ ಕಳಿಸಿ. ಶಾಯಿಯನ್ನು ಗಾಯದ ಅಡಿಗೆ, ತೀರಾ ಪಕ್ಕಕ್ಕೆ ಹಾಕಲೇಬೇಡಿ. ಗುದದ ಕಡೆಗೆ 3 ಸೆಂ.ಮೀ. ಬಿಟ್ಟು ಹಾಕಿ, ಹಾಗೆಂದು ವರದಿಯಲ್ಲಿ ಬರೆಯಿರಿ. ಅಂಚು ಸ್ಪಷ್ಟವಿಲ್ಲದಾಗ ಮಾತ್ರ ಸುತ್ತಲಿನ ಪೊರೆಯಿಂದ ಬೇರೆ ಬಾಟಲಿಗೆ ತುಣುಕು.

ಅಂಚು ಸ್ಪಷ್ಟವಿದ್ದು ಪೂರ್ತಿ ಕಿತ್ತು ಬಂದ ಗಾಯಕ್ಕೆ ಇಡೀ ಕರುಳು ತೆಗೆಯಬೇಕಿಲ್ಲ. ಹತ್ತಿರ ಹತ್ತಿರ ನೋಡುತ್ತಾ ಹೋಗಬಹುದು. ಗಾಯ 2 ಸೆಂ.ಮೀ. ಅಥವಾ ಹೆಚ್ಚು ಇದ್ದರೆ, ತುಂಡು ತುಂಡಾಗಿ ತೆಗೆದಿದ್ದರೆ, ಅಥವಾ ಹೈ ಗ್ರೇಡ್ ಬಂದಿದ್ದರೆ ಮೊದಲ ಮರುನೋಟ 3–6 ತಿಂಗಳಲ್ಲಿ. ಕುರುಡು ತುಣುಕಿನಲ್ಲಿ ಡಿಸ್‌ಪ್ಲೇಸಿಯಾ ಸಿಕ್ಕಿ ಕಣ್ಣಿಗೆ ಏನೂ ಕಂಡಿಲ್ಲ ಅಂದರೆ ಮೊದಲ ಹೆಜ್ಜೆ ಶಸ್ತ್ರಚಿಕಿತ್ಸೆಯಲ್ಲ. ಕೊಲೈಟಿಸ್ ತಪಾಸಣೆಯಲ್ಲಿ ನುರಿತವರ ಬಳಿ ಡೈ ಹಾಕಿ ಮತ್ತೆ ನೋಡಿಸಬೇಕು. ಎಷ್ಟೋ ಸಲ ಆಗ ಗಾಯ ಕಾಣುತ್ತದೆ. ಆಗಲೂ ಕಾಣದೆ ಹೈ ಗ್ರೇಡ್ ಖಚಿತವಾದರೆ, ಅಥವಾ ಲೋ ಗ್ರೇಡ್ ಹಲವು ಕಡೆ ಇದ್ದರೆ, ಕರುಳು ತೆಗೆಯುವ ಮಾತನ್ನು ಶಸ್ತ್ರವೈದ್ಯರ ಜೊತೆ ಕೂತು ಆಡಬೇಕು.

ಕಿರಿದಾದ ಜಾಗವನ್ನು, ಬೇರೆ ಅಂತ ಸಾಬೀತಾಗುವವರೆಗೆ ಕ್ಯಾನ್ಸರ್ ಅಂತಲೇ ನೋಡಿ. ಅಲ್ಸರೇಟಿವ್ ಕೊಲೈಟಿಸ್ ಪೊರೆಯ ಮಟ್ಟದ ಕಾಯಿಲೆ, ಕ್ರೋನ್ಸ್‌ನಂತೆ ಸುಲಭಕ್ಕೆ ಕಿರಿದಾಗುವುದಿಲ್ಲ. ತೆಳು ಸ್ಕೋಪ್, ಬೇಕಾದರೆ ಹೊಟ್ಟೆಗೆ ಹಾಕುವ ಗ್ಯಾಸ್ಟ್ರೋಸ್ಕೋಪ್ ಹಾಕಿ ದಾಟಲು ನೋಡಿ, ಒಳಗಿಂದ ತುಣುಕು ತೆಗೆಯಿರಿ. ದಾಟಲಾಗದಿದ್ದರೆ ಸಿಟಿ ಮಾಡಿಸಿ ಶಸ್ತ್ರವೈದ್ಯರಿಗೆ ಕಳಿಸಿ. ಬಯಾಪ್ಸಿಯಲ್ಲಿ ಏನೂ ಬರಲಿಲ್ಲ ಅಂತ ಸುಮ್ಮನಾಗುವಂತಿಲ್ಲ. ಗೆಡ್ಡೆ ಪೊರೆಯ ಕೆಳಗೆ ಇರಬಹುದು.

---

ಟ್ರಾಲಿ_ಸಿದ್ಧ:

ಮಲದ ಪರೀಕ್ಷೆಯ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಅಳೆಯುವುದು ನ್ಯೂಟ್ರೋಫಿಲ್‌ನ ಪ್ರೋಟೀನು, ಅಂದರೆ ಉರಿಯೂತ. ಉರಿಯೂತವಿಲ್ಲದ ಜಾಗದ ಚಪ್ಪಟೆ ಡಿಸ್‌ಪ್ಲೇಸಿಯಾ ಅದಕ್ಕೆ ಸಿಗುವುದೇ ಇಲ್ಲ. ಎಫ್‌ಐಟಿ ಅನ್ನುವ ಇನ್ನೊಂದು ಮಲದ ಪರೀಕ್ಷೆ ಹುಡುಕುವುದು ರಕ್ತ. ಕೊಲೈಟಿಸ್ ಇರುವವರಲ್ಲಿ ರಕ್ತ ಸುಮ್ಮಸುಮ್ಮನೆ ಬರುತ್ತದೆ, ಡಿಸ್‌ಪ್ಲೇಸಿಯಾ ಇದ್ದಾಗ ಬಾರದೆಯೂ ಇರಬಹುದು. ಕ್ಯಾನ್ಸರ್ ಸೂಚಕ ಅಂತ ರಕ್ತದಲ್ಲಿ ಅಳೆಯುವ ಸಿಇಎ ಇದಕ್ಕೆ ಉಪಯೋಗವಿಲ್ಲ. ಆದರೆ ಕ್ಯಾಲ್‌ಪ್ರೊಟೆಕ್ಟಿನ್ ಬೇರೆ ಕೆಲಸಕ್ಕೆ ಚೆನ್ನ: ಕೊಲೊನೋಸ್ಕೋಪಿಗೆ ಒಂದು ತಿಂಗಳು ಮುಂಚೆ ಮಾಡಿಸಿ, ಏರಿದ್ದರೆ ಔಷಧಿ ಸರಿಮಾಡಿ ತಾರೀಖು ಕೊಡಬಹುದು. ಸ್ಲೈಡ್_ಮನೆ ಸರ್‌ಗೆ ಆಗ ಒಂದು "ಹೇಳಲಾಗದು" ಕಡಿಮೆ.

---

ಸ್ಲೈಡ್_ಮನೆ:

ಒಂದು ಅಲ್ಲ ಮೇಡಂ, ಎಷ್ಟೋ. ಅಂದ ಹಾಗೆ ಎಂಡೋ_ಪಾಳಿಯವರೇ, ನಿಮ್ಮ ಪುಟದಲ್ಲಿ ದೊಡ್ಡ ಕರುಳು ತೆಗೆದು ಪೌಚ್ (ಸಣ್ಣ ಕರುಳಿನಿಂದ ಮಾಡಿ ಗುದಕ್ಕೆ ಜೋಡಿಸಿದ ಚೀಲ) ಮಾಡಿಸಿಕೊಂಡವರಿಗೂ ಒಂದು ಸಾಲು ಬಿಡಿ. ಹಿಂದೆ ಡಿಸ್‌ಪ್ಲೇಸಿಯಾ ಅಥವಾ ಕ್ಯಾನ್ಸರ್ ಇದ್ದವರು, ಪಿಎಸ್‌ಸಿ ಇರುವವರು ವರ್ಷಕ್ಕೊಮ್ಮೆ ಬರಬೇಕು. ತುಣುಕು ತೆಗೆಯುವಾಗ ಪೌಚಿನ ಗೋಡೆಯಷ್ಟೇ ಸಾಲದು, ಕೆಳಗೆ ಉಳಿದಿರುವ ಒಂದೆರಡು ಸೆಂ.ಮೀ. ಗುದನಾಳದ ಪಟ್ಟಿಯಿಂದಲೂ ತೆಗೆದು ಬಾಟಲಿ ಬೇರೆ ಮಾಡಿ.